ಕಣ್ಣಿಲೆ ಕಂಡದ್ದು, ಕಾಗದದಾಗ ಓದಿದ್ದು

ಇಳಕಲ್ಲಿಗೆ ಹೋಗುವ ಹಿಂದಿನ ದಿನ ಕಾಕಾ ಎಂದಿನಂತೆ ಹನ್ನೊಂದು ಗಂಟೆಗೆ ನನ್ನ ಟೈಪಿಂಗ್ ಅಂಗಡಿಗೆ ಬಂದರು. ಬಾದಾಮಿಯಲ್ಲಿ ಒಂದು ಹಿಟ್ಟಿನ ಗಿರಣಿಯ ಹಳೆಯ ಆಯಿಲ್ ಇಂಜಿನ್ ಮಾರಾಟಕ್ಕಿತ್ತು. ಅದನ್ನು ನೋಡಿಕೊಂಡು ಬೆಳಗಿನ ಬಸ್ಸಿಗೆ ಮರಳಿದ್ದರು. ಛತ್ರಿಯನ್ನು ಬಾಗಿಲ ಮೂಲೆಗೆ ಒರಗಿಸಿ, ಬೆಂಚಿನ ಮೇಲೆ ಕುಳಿತು, ಕಿಸೆಯಿಂದ ಮಡಚಿದ ಚೀಟಿ ತೆಗೆದರು.

"ತಂಗೆವ್ವಾ, ಬರ್ಕೋ. ಮುದುಕಿ ಆಗೈತಿ, ಆದ್ರ ಹಲ್ಲು ಗಟ್ಟಿ ಅದಾವ."

"ಹಿಂಗ ಬರೀಲ್ಯಾ ಇಂಗ್ಲೀಷಿನ್ಯಾಗ?"

"ನಿನ್ನ ಇಂಗ್ಲೀಷಿಗೆ ಎಲ್ಲಿಂದ ತಿಳಿಬೇಕು ಮುದುಕಿ ಹಲ್ಲು. ಗೇರ್ ಚಲೋ ಅದಾವ ಅಂತ ಹೊಡಿ."

ಅವರ ಹೆಂಡತಿ ಕಾಕು ಕಟ್ಟಿಕೊಟ್ಟಿದ್ದ ಸಜ್ಜಿ ರೊಟ್ಟಿ ಬಿಚ್ಚಿ ಅರ್ಧ ನನಗೆ ಕೊಟ್ಟರು. ಉಂಡು ಕೈ ತೊಳೆದು ಬಂದವರು ಗೋಡೆಗೆ ತಲೆ ಆನಿಸಿ ನಿದ್ದೆ ಹೋದರು. ಕುಳಿತಲ್ಲೇ ನಿದ್ದೆ ಮಾಡುವುದು ಅವರಿಗೆ ಸಲೀಸಿತ್ತು. ಪಕ್ಕದಲ್ಲಿ ಮಷೀನು ಖಟಖಟ ಅನ್ನುತ್ತಿದ್ದರೂ ಎಚ್ಚರವಾಗುತ್ತಿರಲಿಲ್ಲ. ಅವರು ಹಾಗೆ ನಿಶ್ಚಿಂತೆಯಿಂದ ಮಲಗಿದ್ದನ್ನು ನಾನು ನೋಡಿದ್ದು ಅದೇ ಕೊನೆ.

ಅವರು ನನಗೆ ರಕ್ತಸಂಬಂಧಿಯಲ್ಲ. ಬಾಗಲಕೋಟೆಯ ಹಳೇ ಊರಿನಲ್ಲಿ ನಮ್ಮ ಮನೆಯಿಂದ ನಾಲ್ಕು ಮನೆ ಆಚೆ ಇದ್ದರು, ಆದ್ದರಿಂದ ಕಾಕಾ. ವಿಮಾನ ದಳದ ವರ್ಕ್‌ಶಾಪಿನಲ್ಲಿ ಹದಿನೈದು ವರ್ಷ ಇಂಜಿನ್ ಫಿಟ್ಟರ್ ಆಗಿದ್ದು, ಪೆನ್ಶನ್ ತೆಗೆದುಕೊಂಡು ಊರಿಗೆ ಬಂದವರು. ಸುತ್ತಿನ ಊರುಗಳಲ್ಲಿ ಹಳೆಯ ಇಂಜಿನ್ನೊಂದು ಕೈ ಬದಲಾಗುವಾಗ ಮಾರುವವರೂ ಕೊಳ್ಳುವವರೂ ಅವರನ್ನೇ ಕರೆಯುತ್ತಿದ್ದರು. ಹುನಗುಂದದ ಕಡೆ ಹೊಳೆಯ ಪಂಪು, ಇಳಕಲ್ಲಿನ ಕಲ್ಲು ಕ್ವಾರಿಯ ಕಂಪ್ರೆಸರು, ಎಲ್ಲಿಯದೋ ಒಂದು ಟ್ರ್ಯಾಕ್ಟರು. ನೋಡಿ ಬಂದು, ಇದಕ್ಕೆ ಇಂತಿಷ್ಟು ಬೆಲೆ ಬರಬಹುದು ಎಂದು ಬರೆದುಕೊಡುವುದು ಅವರ ಕೆಲಸ. ಅದನ್ನು ಇಂಗ್ಲಿಷಿನಲ್ಲಿ ಟೈಪ್ ಮಾಡುವುದು ನನ್ನದು. ನನ್ನ ಮೆಟ್ರಿಕ್ ಆದ ಮೇಲೆ ಅಪ್ಪ ತೀರಿಕೊಂಡರು. ಬ್ಯಾಂಕಿನ ಸಾಲದಲ್ಲಿ ಒಂದು ಮಷೀನು ಕೊಂಡು ಅಂಗಡಿ ಬಾಗಿಲಲ್ಲಿ ಕುಳಿತಾಗ ಮೊದಲು ಮೆಟ್ಟಿಲು ಹತ್ತಿ ಬಂದವರು ಕಾಕಾ.

ಬೆಲೆ ಹೇಳುವ ತನಕ ಅವರು ಯಾರ ಮನೆಯಲ್ಲೂ ಚಹಾ ಕುಡಿಯುತ್ತಿರಲಿಲ್ಲ. ಬೇಸಿಗೆಯ ಬಾದಾಮಿಯಲ್ಲಿ ಗಂಟಲು ಒಣಗಿದರೂ ಅಷ್ಟೇ. ಒಮ್ಮೆ ಒಬ್ಬ ಗಿರಣಿ ಮಾಲೀಕ, "ನೀರರ ಕುಡೀರಿ, ನೀರಿಗೆ ಏನ್ ಲಂಚ ಅಂತಾರೇನ್ರಿ?" ಎಂದನಂತೆ. "ನೀರು ಕೊಟ್ಟಾಂವನ ಮುಖ ನೋಡಬೇಕಾಗತೈತ್ರಿ. ನಾ ಈಗ ಇಂಜಿನ್ ಮುಖ ನೋಡಾಕತ್ತೇನಿ," ಎಂದು ಹೇಳಿ ಇವರು ಇಂಜಿನ್ನಿನತ್ತ ಬಗ್ಗಿದರಂತೆ.

ಇಂಜಿನ್ನನ್ನು ಅವರು ತಣ್ಣಗಿದ್ದಾಗಲೇ ಮೊದಲು ಮುಟ್ಟಬೇಕು. ಇವರು ಬರುವ ಮೊದಲೇ ಯಾರಾದರೂ ಚಾಲೂ ಮಾಡಿ ಬಿಸಿ ಮಾಡಿಟ್ಟಿದ್ದರೆ ಅಂಗೈಯ ಹಿಂಬದಿಯನ್ನು ಅದಕ್ಕೆ ತಾಗಿಸಿ ನೋಡಿ, ಛತ್ರಿ ತೆಗೆದುಕೊಳ್ಳುತ್ತಿದ್ದರು. "ಬಿಸಿ ಇದ್ದಾಗ ಎಲ್ಲಾರೂ ಚಲೋನ ಮಾತಾಡ್ತಾರ. ನಾಳಿ ಬರ್ತೇನಿ." ನಾಳೆ ಬೇರೆ ಊರಿನ ಕೆಲಸವಿದ್ದರೂ ಬಸ್ಸಿನ ಖರ್ಚು ತಾವೇ ಹಾಕಿಕೊಂಡು ಬರುತ್ತಿದ್ದರು. ಹಳೆಯ ಎಣ್ಣೆಯನ್ನು ಬಿಳಿ ಧೋತರದ ತುಂಡಿನಲ್ಲಿ ಸೋಸಿ, ಬಿಸಿಲಿಗೆ ಹಿಡಿದು, ಲೋಹದ ಪುಡಿ ಮಿಂಚುತ್ತದೆಯೇ ಎಂದು ನೋಡುತ್ತಿದ್ದರು. ಕಾಕು ಇದಕ್ಕಾಗಿ ಯಾವಾಗಲೂ ಜಗಳ ತೆಗೆಯುತ್ತಿದ್ದರು. "ಊರ ಮಂದಿ ಇಂಜಿನ್ ಉದ್ಧಾರ ಆದ್ವು, ನಮ್ಮ ಮನ್ಯಾಗ ಉಡಾಕ ಒಂದು ಧೋತರ ಉಳೀಲಿಲ್ಲ."

ಆದರೆ ಅವರ ಕೆಲಸದ ಜೀವ ಇದ್ದದ್ದು ವರದಿಯ ಎರಡು ಅಂಕಣಗಳಲ್ಲಿ. ಎಡಕ್ಕೆ ತಾವು ಬಿಚ್ಚಿಯೋ ಮುಟ್ಟಿಯೋ ನೋಡಿದ ಭಾಗಗಳು. ಬಲಕ್ಕೆ, ತಾವು ನೋಡದೆ ರಿಪೇರಿಯವರ ಕಾಗದ ನಂಬಿ ಒಪ್ಪಿಕೊಂಡ ಭಾಗಗಳು. "ಕಣ್ಣಿಲೆ ಕಂಡದ್ದು ಈ ಕಡೆ, ಕಾಗದದಾಗ ಓದಿದ್ದು ಆ ಕಡೆ. ಎರಡೂ ಕಲಸಬ್ಯಾಡ ನೋಡು," ಎಂದು ಮೊದಲ ದಿನವೇ ಹೇಳಿದ್ದರು. ಅದಕ್ಕಾಗಿ ನಾನು ಉದ್ದ ಕಾಗದವನ್ನು ಅಡ್ಡ ಹಾಕಿ ಹೊಡೆಯುತ್ತಿದ್ದೆ. ಅಂಗಡಿಯ ದೊಡ್ಡ ಮಷೀನಿನಲ್ಲಿ ಅದು ಕೂಡುತ್ತಿತ್ತು.

ಊರು ಆಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗುತ್ತದೆ ಎಂಬ ಮಾತು ಆಗಲೇ ಶುರುವಾಗಿತ್ತು. ಓಣಿಯವರು ಅವರನ್ನು ಹಿಡಿದು, "ನಮ್ಮ ಮನಿಗೆ ಎಷ್ಟು ಕೊಡ್ತಾರ್ರಿ, ನೀವು ಬೆಲಿ ಹೇಳಾವ್ರು," ಎಂದು ಕೇಳುತ್ತಿದ್ದರು. "ಮನಿ ತಣ್ಣಗಾಗಿದ್ದು ನಾ ಯಾವಾಗೂ ನೋಡಿಲ್ರಿ, ಹೆಂಗ ಹೇಳ್ಲಿ?" ಎಂದು ನಕ್ಕುಬಿಡುತ್ತಿದ್ದರು.

ಆ ವರ್ಷ ಹುನಗುಂದ, ಇಳಕಲ್ ಸುತ್ತಿನ ಹತ್ತಿ ಹೊಲಗಳಿಗೆ ಔಷಧ ಹೊಡೆಯಲು ಒಂದು ಸಣ್ಣ ವಿಮಾನ ಬಂದಿತ್ತು. ಮಂದಿ ಬುತ್ತಿ ಕಟ್ಟಿಕೊಂಡು ಹೋಗಿ ನೋಡಿದರು. ಒಂದು ದಿನ ಅಡ್ಡಮಳೆಯಾಯಿತು. ಮರುದಿನ ವಿಮಾನ ಇಳಿದು ಓಡುವಾಗ ಚಕ್ರ ಎರೆಮಣ್ಣಿನಲ್ಲಿ ಹೂತು, ಮೂಗು ಮುಗ್ಗರಿಸಿ, ತಿರುಗುತ್ತಿದ್ದ ಪಂಖ ನೆಲಕ್ಕೆ ಬಡಿಯಿತು. ಹಾರಿಸುವವನಿಗೆ ಏನೂ ಆಗಲಿಲ್ಲ. ಗುತ್ತಿಗೆದಾರನಿಗೆ ಆ ವ್ಯವಹಾರವೇ ಸಾಕಾಯಿತು. ಇಂಜಿನ್ನನ್ನು ದೂರದ ಯಾವುದೋ ಶಹರಕ್ಕೆ ಕಳಿಸಿ ರಿಪೇರಿ ಮಾಡಿಸಿ, ಮರದ ಪೆಟ್ಟಿಗೆಯಲ್ಲಿ ಇಳಕಲ್ಲಿಗೆ ತರಿಸಿ, ಮಾರಲು ಇಟ್ಟ. ಕೊಳ್ಳಲು ಬಂದವರು ಹೊರರಾಜ್ಯದಲ್ಲಿ ವಿಮಾನ ಹಾರಿಸಲು ಕಲಿಸುವ ಒಂದು ಸಾಲೆಯವರು. ನಡುವಿನವನಾಗಿ ಇಳಕಲ್ಲಿನ ಒಬ್ಬ ದಲ್ಲಾಳಿ. ರಿಪೇರಿಯಾದ ವಿಮಾನದ ಇಂಜಿನ್ನಿಗೆ ಬೆಲೆ ಕಟ್ಟುವವರು ಈ ಸೀಮೆಯಲ್ಲಿ ಕಾಕಾ ಒಬ್ಬರೇ.

ಕೊಳ್ಳುವವರು ಇಂಜಿನ್ ನೋಡಿದ ದಿನವೇ ವರದಿಯ ಕಾಗದ ಹಿಡಿದು ಹೋಗಬೇಕಿತ್ತು. ಹಾಗಾಗಿ ಕಾಕಾ ನನ್ನನ್ನೂ ಬಸ್ಸಿಗೆ ಹತ್ತಿಸಿದರು. ದೊಡ್ಡ ಮಷೀನು ಹೊರಲು ಆಗುವುದಿಲ್ಲ. ಪರಿಚಯದ ವಕೀಲರೊಬ್ಬರ ಕೈಪೆಟ್ಟಿಗೆಯಂಥ ಸಣ್ಣ ಮಷೀನು ಕೇಳಿ ತಂದೆ. ದಾರಿಯಲ್ಲಿ ಅಮೀನಗಡ ದಾಟಿದ ಮೇಲೆ ಕಾಕಾ, "ಹಾರೂ ಇಂಜಿನ್ ಮುಟ್ಟಿ ಭಾಳ ವರ್ಷ ಆತು," ಎಂದರು.

ಹಳೆಯ ಹತ್ತಿ ಜಿನ್ನಿಂಗ್ ಶೆಡ್ಡಿನ ಅಂಗಳದಲ್ಲಿ ಲಾರಿಯ ಚಾಸಿ ಮೇಲೆ ಇಂಜಿನ್ ಕೂಡಿಸಿ, ಅಲುಗಾಡದಂತೆ ಸುತ್ತ ಇಳಕಲ್ಲಿನ ಕೆಂಪು ಕಲ್ಲಿನ ಚಪ್ಪಡಿ ಹೇರಿದ್ದರು. ಮುಂದೆ ಹೊಸ ಪಂಖ. ಕಾಕಾ ಮೊದಲು ಅಂಗೈ ಹಿಂಬದಿ ತಾಗಿಸಿದರು. ತಣ್ಣಗಿತ್ತು. ಪಂಖವನ್ನು ಎರಡೂ ಕೈಯಿಂದ ಮೆಲ್ಲಗೆ ತಿರುಗಿಸಿದರು. ನಾಲ್ಕು ಸಿಲಿಂಡರಿನ ನಾಲ್ಕು ಬಿಗುವನ್ನು ಕಣ್ಣು ಮುಚ್ಚಿ ಲೆಕ್ಕ ಹಿಡಿದರು. ಪಂಖ ಕೂಡುವ ದಂಡದ ಬಾಯಿಗೆ ಗಡಿಯಾರದಂಥ ಒಂದು ಅಳತೆಯ ಯಂತ್ರ ಹಚ್ಚಿ, ದಂಡ ಬಾಗಿದೆಯೇ ಎಂದು ನೋಡಿದರು. ಬಾಗಿರಲಿಲ್ಲ. ಆಮೇಲೆ ಚಾಲೂ ಮಾಡಿಸಿದರು. ಶೆಡ್ಡಿನಲ್ಲಿ ವರ್ಷಗಟ್ಟಲೆ ಕೂತಿದ್ದ ಹತ್ತಿಯ ನಾರೆಲ್ಲ ಎದ್ದು ಅಂಗಳ ಬೆಳ್ಳಗಾಯಿತು. ದಲ್ಲಾಳಿಯ ಟೋಪಿ ಹಾರಿ ಗೋಡೆಯಾಚೆ ಬಿತ್ತು. ಹಿಂದಿನ ಓಣಿಯಿಂದ ಒಬ್ಬ ನೇಕಾರ ಓಡಿ ಬಂದು ಕೂಗಿದ, "ಏ ಯಾರಲೇ ಅದು! ಮಗ್ಗದಾಗಿನ ಎಳಿ ಎಲ್ಲಾ ನಡಗಾಕತ್ತಾವ!"

ಚೆನ್ನಾಗಿ ಓಡಿತು. ಧೋತರದ ತುಂಡಿನಲ್ಲಿ ಏನೂ ಮಿಂಚಲಿಲ್ಲ. ಉಳಿದದ್ದು ಹಿಂಬದಿ.

ಆ ಹಿಂಬದಿಯ ಸಂಗತಿಯನ್ನು ಕಾಕಾ ಆಮೇಲೆ ನನಗೆ ಎಷ್ಟು ಸಲ ಹೇಳಿದರೆಂದರೆ ಈಗ ಅದು ನನಗೆ ಬಾಯಿಪಾಠ. ಇಂಜಿನ್ನಿನ ಮುಖ್ಯ ದಂಡದ ಹಿಂದಿನ ತುದಿಗೆ ಒಂದು ಗೇರು ಇರುತ್ತದೆ. ಅದನ್ನು ಹಿಡಿದಿಡುವುದು ಒಂದು ಬೋಲ್ಟು ಮತ್ತು ಕಿರುಬೆರಳಿನ ಉಗುರಿನಷ್ಟು ಒಂದು ಪಿನ್ನು. ಮುಂದೆ ಪಂಖ ನೆಲಕ್ಕೆ ಬಡಿದರೆ ಪೆಟ್ಟು ಹಿಂದಿನ ಆ ಪಿನ್ನಿಗೂ ಹೋಗುತ್ತದೆ. ಪಿನ್ನು ಸೀಳಿದ್ದರೂ ಇಂಜಿನ್ ಓಡುತ್ತಲೇ ಇರುತ್ತದೆ. ತುಂಡಾದ ದಿನ ಒಮ್ಮೆಗೇ ನಿಲ್ಲುತ್ತದೆ, ಮತ್ತು ಆಗ ವಿಮಾನ ಮೇಲಿರುತ್ತದೆ. ಕೈಯಿಂದ ತಿರುಗಿಸಿದರೆ ಇದು ಗೊತ್ತಾಗುವುದಿಲ್ಲ. ಹಿಂದಿನ ಮುಚ್ಚಳ ಬಿಚ್ಚಿಯೇ ನೋಡಬೇಕು.

"ಬಿಚ್ಚೋಣು," ಎಂದರು ಕಾಕಾ.

"ಸಾಹೇಬ್ರ, ಸೀಲ್ ಮಾಡಿ ಕಳಿಸ್ಯಾರ್ರಿ," ಎಂದ ದಲ್ಲಾಳಿ. "ಪಿನ್ನು ಹೊಸಾದು ಹಾಕೇವಿ ಅಂತ ಕಾಗದದಾಗ ಬರದಾರ. ಬಿಚ್ಚಿದ್ರ ತಿರಗಿ ಮುಚ್ಚೂ ಸಾಮಾನು ಇಲ್ಲಿ ಎಲ್ಲಿ ಸಿಗತೈತ್ರಿ?"

ಅದು ಖರೆಯೇ. ಕಾಕಾ ಕಾಗದ ಓದಿದರು. ಕಾರ್ಬನ್ ಪ್ರತಿ, ಅಕ್ಷರ ಮಸುಕಾಗಿತ್ತು. ಎರಡು ಸಲ ಓದಿ, "ಹಂಗಾರ ಇದು ಓದಿದ್ದರ ಕಡೆ ಹೋಗತೈತಿ. ಕೊಳ್ಳಾವ್ರು ತಮ್ಮ ಊರಾಗ ಬಿಚ್ಚಿ ನೋಡ್ಕೋಬೇಕು," ಎಂದು ದಲ್ಲಾಳಿಗೆ ಹೇಳಿದರು. ಕೊಳ್ಳುವವರಿಗೆ ಕನ್ನಡ ಬರುತ್ತಿರಲಿಲ್ಲ.

ನಾನು ಮಷೀನು ತೆರೆದೆ. ಕಾಗದವನ್ನು ಅಡ್ಡ ಹಾಕಲು ನೋಡಿದರೆ ಸಣ್ಣ ಮಷೀನಿನಲ್ಲಿ ಅದು ಹಿಡಿಯಲಿಲ್ಲ. ಎರಡು ಅಂಕಣ ಹೇಗೂ ಕೂಡುವಂತಿರಲಿಲ್ಲ.

"ಕಾಕಾ, ಎಲ್ಲಾ ಒಂದರ ಕೆಳಗ ಒಂದು ಹೊಡೀತೇನಿ. ಓದಿದ್ದಕ್ಕ ಕೊನಿಗೆ ಪೆನ್ನಿಲೆ ಚುಕ್ಕಿ ಹಾಕಿ, ಕೆಳಗ ಚುಕ್ಕಿ ಅಂದ್ರ ಏನು ಅಂತ ಬರೀತೇನಿ."

"ಹಂಗ ಮಾಡು," ಎಂದರು.

ಹದಿನಾಲ್ಕು ಭಾಗ ಹೊಡೆದೆ. ಮೇಲೆ 'ಪರಿಶೀಲಿಸಿದ ಭಾಗಗಳು' ಎಂಬ ತಲೆಬರಹ. ಕೆಳಗೆ, ಹಾರುವ ಇಂಜಿನ್ ಎಂದು ಅದಕ್ಕೆ ಕಟ್ಟಿದ ಬೆಲೆ. ಅಷ್ಟರಲ್ಲಿ ದಲ್ಲಾಳಿ ಹೊರಗಿನಿಂದ ಕೂಗತೊಡಗಿದ, "ಹುಬ್ಬಳ್ಳಿ ಬಸ್ ನಿಂತೈತ್ರಿ! ಕಂಡಕ್ಟರ್ ಸೀಟಿ ಹೊಡ್ಯಾಕತ್ತಾನ!" ಕಾಕಾ ಸಹಿ ಮಾಡಿದರು. ಕೊಳ್ಳುವವರು ಕಾಗದ ಮಡಚಿ, ಕಾಕಾನ ಕೈ ಹಿಡಿದು ಕುಲುಕಿ, ಓಡಿದರು. ನಾನು ರಿಬ್ಬನ್ನಿನ ಮಸಿ ಹತ್ತಿದ ಬೆರಳು ಒರೆಸಿಕೊಳ್ಳುತ್ತಿದ್ದೆ.

ಅವತ್ತು ಚಹಾ ಕುಡಿದೆವು. ಕಾಕಾ ಎರಡು ಕಪ್ಪು ಕುಡಿದರು.

ಮರಳುವಾಗ ಹುನಗುಂದ ದಾಟಿದ ಮೇಲೆ, ಓದಿ ನೋಡಲೆಂದು ಕಾಕಾ ಕಾರ್ಬನ್ ಪ್ರತಿ ಕೇಳಿದರು. ಕನ್ನಡಕ ಏರಿಸಿ, ಕಾಗದವನ್ನು ಕಿಟಕಿಯ ಬೆಳಕಿಗೆ ಹಿಡಿದರು. ಬಹಳ ಹೊತ್ತು ಹಾಗೇ ಹಿಡಿದಿದ್ದರು.

"ತಂಗೆವ್ವಾ, ಚುಕ್ಕಿ ಎಲ್ಲಿ ಅದಾವು?"

ಚುಕ್ಕಿಯನ್ನು ನಾನು ಹಾಕಿರಲೇ ಇಲ್ಲ. ಹದಿನಾಲ್ಕೂ ಭಾಗ ಕಾಕಾ ಕಣ್ಣಾರೆ ನೋಡಿದಂತೆ ಆ ಕಾಗದದಲ್ಲಿತ್ತು, ಆ ಪಿನ್ನು ಕೂಡ. ಕೆಳಗೆ ಅವರ ಸಹಿ.

"ನಂದು ತಪ್ಪಾತು, ಕಾಕಾ."

"ಸಹಿ ನಿಂದೇನು?" ಎಂದರು. ಸಿಟ್ಟಿನಿಂದ ಹೇಳಲಿಲ್ಲ. ಕಾಗದ ಮಡಚಿ ಕಿಸೆಯಲ್ಲಿಟ್ಟುಕೊಂಡರು. ಅವರ ಕೈ ಊರು ಬರುವ ತನಕ ಆ ಕಿಸೆಯ ಮೇಲೇ ಇತ್ತು.

ಮರುದಿನ ಟಪಾಲು ಕಚೇರಿ ತೆರೆಯುವ ಮೊದಲೇ ನಾವು ಅಲ್ಲಿ ನಿಂತಿದ್ದೆವು. ದೊಡ್ಡ ಮಷೀನಿನಲ್ಲಿ ಎರಡು ಅಂಕಣದ ಹೊಸ ವರದಿ ಹೊಡೆದಿದ್ದೆ. ಹಿಂದಿನದರಲ್ಲಿ ತಪ್ಪಾಗಿದೆ, ಹಾರಿಸುವ ಮುಂಚೆ ಹಿಂಬದಿ ಬಿಚ್ಚಿ ಪಿನ್ನು ನೋಡಿರಿ, ನೋಡಿದ್ದನ್ನು ಒಂದು ಸಾಲು ಬರೆದು ತಿಳಿಸಿರಿ ಎಂದು ಕಾಗದ ಜೋಡಿಸಿ ರಿಜಿಸ್ಟರ್ ಮಾಡಿದೆವು. ಹನ್ನೆರಡನೆಯ ದಿನ, ಮುಟ್ಟಿತೆಂಬ ಚೀಟಿ ಮರಳಿ ಬಂತು. ಅದರ ಮೇಲೆ ಯಾರದೋ ಗೀಚಿದ ಸಹಿ. ನಾನು ಸಂತೋಷದಿಂದ ಕಾಕಾನ ಮನೆಗೆ ಓಡಿದೆ. ಅವರು ಅದನ್ನು ತಿರುಗಿಸಿ ಮುರುಗಿಸಿ ನೋಡಿದರು.

"ಮುಟ್ಟೈತಿ. ಓದ್ಯಾರೇನು? ಓದಿದಾಂವ ಬಿಚ್ಚಾವ್ರಿಗೆ ಹೇಳ್ಯಾನೇನು?"

ಉತ್ತರ ಬರಲಿಲ್ಲ. ಇನ್ನೊಂದು ಕಾಗದ ಹೋಯಿತು. ಟ್ರಂಕ್ ಕಾಲ್ ಬುಕ್ ಮಾಡಿ ಒಂದು ಮಧ್ಯಾಹ್ನವಿಡೀ ಕಾದೆವು. ಕೊನೆಗೆ ಸಿಕ್ಕಾಗ ಕಾಕಾ, ಹಿಂಬದಿ ಬಿಚ್ಚಿ ನೋಡಿರಿ ಎಂದು ಹಿಂದಿಯಲ್ಲಿ ಕೂಗಿದರು. ಆ ಕಡೆಯವನು ಸಾಹೇಬರು ಮೈದಾನದಲ್ಲಿದ್ದಾರೆ, ಹೇಳುತ್ತೇನೆ ಎಂದನಂತೆ. ಲೈನು ಕಡಿಯಿತು. ಇಳಕಲ್ಲಿಗೆ ಹೋಗಿ ದಲ್ಲಾಳಿಯನ್ನು ಕಂಡರೆ ಅವನು, "ಮಾರಿದ್ದು ಮುಗೀತಲ್ರಿ. ಬೆಲಿ ಹೇಳೂದು ನಿಮ್ಮ ಕೆಲಸ, ಹಾರ್ಸಬಹುದು ಅನ್ನಾಕ ಸರಕಾರದವ್ರು ಬ್ಯಾರೆ ಅದಾರ," ಎಂದ.

ಅದು ಕಾಕಾನಿಗೂ ಗೊತ್ತಿತ್ತು. "ಆದ್ರ ಹಾರೂ ಬೆಲಿ ಬರದಾಂವ ನಾನಲಾ," ಎಂದು ನನ್ನ ಬೆಂಚಿನ ಮೇಲೆ ಕುಳಿತು ಹೇಳುತ್ತಿದ್ದರು. "ಬೆಲಿ ಅಂದ್ರ ಬರೇ ಬೆಲಿ ಅಲ್ಲವಾ. ಅದನ್ನ ನಂಬಿ ಒಬ್ಬಾಂವ ಮ್ಯಾಲ ಹೋಗ್ತಾನ. ಅದೂ ಕಲಿಯೂ ಹುಡುಗೂರು."

ಬೆಂಚಿನ ಮೇಲೆ ನಿದ್ದೆ ಹೋಗುವುದು ನಿಂತಿತು. ಮಷೀನಿನ ಸಪ್ಪಳಕ್ಕೆ ಬೆಚ್ಚುತ್ತಿದ್ದರು. ದಿನಾ ಬೆಳಗ್ಗೆ ಕ್ಷೌರದ ಅಂಗಡಿಗೆ ಹೋಗಿ ಪೇಪರು ಮೊದಲಿನಿಂದ ಕೊನೆಯ ತನಕ ಓದುತ್ತಿದ್ದರು. ಕ್ಷೌರಿಕ ಹಾಸ್ಯ ಮಾಡುತ್ತಿದ್ದ: "ಏನ್ರಿ ಕಾಕಾರ, ದಾಡಿ ನಾಲ್ಕು ದಿನಕ್ಕೊಮ್ಮಿ, ಪೇಪರ್ ಮಾತ್ರ ದಿನಾ?" ಒಂದು ದಿನ ಆ ಪೇಪರನ್ನೇ ಹಿಡಿದು, ಚಪ್ಪಲಿ ಸಹ ಇಲ್ಲದೆ ನನ್ನ ಅಂಗಡಿಗೆ ಬಂದರು. ಎಲ್ಲೋ ಕಲಿಕೆಯ ವಿಮಾನವೊಂದು ಬಿದ್ದು ಒಬ್ಬ ಹುಡುಗ ತೀರಿಕೊಂಡ ಸುದ್ದಿ, ನಾಲ್ಕು ಸಾಲು. ಊರಿನ ಹೆಸರು ಓದಿದೆವು. ಆ ಊರು ಬೇರೆ, ಆ ರಾಜ್ಯವೇ ಬೇರೆ. ಕಾಕಾ ದೊಡ್ಡದೊಂದು ಉಸಿರು ಬಿಟ್ಟು, "ನಮ್ಮದಲ್ಲ," ಎಂದು ಬೆಂಚಿನ ಮೇಲೆ ಕುಸಿದರು. ಸ್ವಲ್ಪ ಹೊತ್ತಿಗೆ ಅವರ ಮುಖ ಬೇರೆಯಾಯಿತು.

"ನೋಡವಾ, ಒಂದು ಕೂಸು ಸತ್ತೈತಿ. ನಾ ನಮ್ಮದಲ್ಲ ಅಂತ ಖುಷಿ ಪಟ್ಟೆ."

ಅವರು ಅಳುವುದನ್ನು ನಾನು ಅದೊಂದೇ ಸಲ ನೋಡಿದ್ದು. ನಾನು ನೀರು ಕೊಟ್ಟೆ.

ಆಮೇಲೆ ಅವರು ಯಾವ ಇಂಜಿನ್ ನೋಡಲು ಹೋದರೂ ಹಿಂಬದಿ ಬಿಚ್ಚಿಸದೆ ಬೆಲೆ ಹೇಳುತ್ತಿರಲಿಲ್ಲ. ಮಂದಿ ಬೇಸತ್ತರು. ಬಾದಾಮಿಯ ಒಬ್ಬ ಗಿರಣಿಯವನು, "ಸಾಹೇಬ್ರ, ಹಿಟ್ಟಿನ ಗಿರಣಿ ಏನ್ ಮ್ಯಾಲ ಹಾರತೈತೇನ್ರಿ?" ಎಂದು ಎಲ್ಲರೆದುರು ನಕ್ಕನಂತೆ. ಕರೆಯುವವರು ಕಡಿಮೆಯಾದರು. ಬಂದಷ್ಟು ಕೆಲಸದ ವರದಿಗಳನ್ನು ನಾನು ಹೊಡೆದು ಕೊಟ್ಟರೆ, ಎರಡು ಅಂಕಣಗಳ ನಡುವೆ ಕೆಂಪು ಪೆನ್ಸಿಲ್ಲಿನಿಂದ ತಾವೇ ಒಂದು ಗೆರೆ ಎಳೆಯುತ್ತಿದ್ದರು. ನಾನು ನೋಡುತ್ತಿದ್ದೆ. ಅವರು ನನ್ನತ್ತ ನೋಡದೆ ಎಳೆಯುತ್ತಿದ್ದರು, ನನಗೆ ನೋವಾಗಬಾರದೆಂದು. ನನ್ನ ತಪ್ಪನ್ನು ಅವರು ಯಾರ ಮುಂದೆಯೂ ಆಡಲಿಲ್ಲ, ಕಾಕುವಿನ ಮುಂದೆ ಕೂಡ. ಕಾಕು ಒಂದು ದಿನ ನನ್ನನ್ನು ಕರೆದು, "ಏನಾಗೇತವಾ ಇವರಿಗೆ? ಊಟಕ್ಕ ಕುಂತ್ರ ತುತ್ತು ಕೈಯಾಗ ಹಿಡಕೊಂಡ ಕೂಡ್ತಾರ," ಎಂದು ಕೇಳಿದಾಗ ನಾನು ಎಲ್ಲ ಹೇಳಿದೆ. ಅವರು ಬೈಯಬಹುದೆಂದು ಕಾದೆ. ಅವರು ನನ್ನ ತಲೆಯ ಮೇಲೆ ಕೈಯಿಟ್ಟರು.

ಇಳಕಲ್ಲಿಗೆ ಹೋಗಿ ಬಂದು ಒಂದೂವರೆ ವರ್ಷಕ್ಕೆ, ಒಂದು ಮುಂಜಾನೆ ಕಾಕಾ ಎದೆ ಹಿಡಿದುಕೊಂಡು ಕುಳಿತರು. ಟಾಂಗಾದಲ್ಲಿ ದವಾಖಾನೆಗೆ ಒಯ್ದೆವು. ಎರಡು ದಿನ ಇದ್ದರು. ಎರಡನೆಯ ದಿನ ನಾನು ಹೋದಾಗ, "ಇವತ್ತು ಟಪಾಲ್ ಬಂದು ಹೋತೇನು?" ಎಂದರು. ಹೂಂ ಅಂದೆ. ಮುಂದಿನದನ್ನು ಕೇಳಲಿಲ್ಲ. ಸಂಜೆ ತೀರಿಕೊಂಡರು.

ಮೂರು ತಿಂಗಳಾದ ಮೇಲೆ ಕಾಕು ಒಂದು ಇನ್‌ಲ್ಯಾಂಡ್ ಪತ್ರ ಹಿಡಿದು ನನ್ನ ಅಂಗಡಿಗೆ ಬಂದರು. ಕಾಕಾನ ಹೆಸರಿಗೆ ಬಂದದ್ದು. ಒಡೆದಿರಲಿಲ್ಲ. "ನೀ ಓದವಾ. ನನಗ ಇಂಗ್ಲೀಷ್ ಎಲ್ಲಿ ಬರಬೇಕು."

ವಿಮಾನ ಸಾಲೆಯಿಂದ ಬಂದಿತ್ತು. ನಾಲ್ಕೇ ಸಾಲು. ತಾವು ಬೆಲೆ ಕಟ್ಟಿಕೊಟ್ಟ ಇಂಜಿನ್ ಚೆನ್ನಾಗಿ ನಡೆಯುತ್ತಿದೆ. ತಮ್ಮ ಪತ್ರಗಳು ತಲುಪಿವೆ; ಉತ್ತರ ತಡವಾದದ್ದಕ್ಕೆ ಕ್ಷಮಿಸಬೇಕು. ತಮ್ಮ ಅಂದಾಜು ನ್ಯಾಯವಾಗಿತ್ತು. ಇಂಥ ಬೇರೆ ಇಂಜಿನ್ ಮಾರಾಟಕ್ಕಿದ್ದರೆ ತಿಳಿಸಿರಿ.

"ಏನ್ ಬರದಾರ?"

"ಇಂಜಿನ್ ಚಲೋ ನಡದೈತಿ ಅಂತ ಬರದಾರ, ಕಾಕು."

ಕಾಕು ಸೆರಗು ಬಾಯಿಗೆ ಒತ್ತಿಕೊಂಡು, "ಶಿವನ," ಎಂದು ಕಣ್ಣು ಮುಚ್ಚಿದರು. ಪತ್ರ ಇಸಿದುಕೊಂಡು, ಕಾಕಾನ ಫೋಟೋದ ಮುಂದೆ ಇಡುತ್ತೇನೆಂದು ಹೋದರು. ಅವರಿಗೆ ಅಷ್ಟು ಸಾಕಾಗಿತ್ತು. ನಾನು ಉಳಿದದ್ದನ್ನು ಹೇಳಲಿಲ್ಲ.

ಅವರು ಹೋದ ಮೇಲೆ ಆ ನಾಲ್ಕು ಸಾಲನ್ನು ಮನಸ್ಸಿನಲ್ಲೇ ಮತ್ತೆ ಮತ್ತೆ ಓದಿದೆ. ಅದೇ ದಿನ ನಾನೇ ಒಂದು ಕಾಗದ ಬರೆದೆ. ಕಾಕಾ ತೀರಿಕೊಂಡರೆಂದು ತಿಳಿಸಿ, ಅವರು ಕೇಳಿದ ಒಂದು ಮಾತಿಗೆ ಮಾತ್ರ ಉತ್ತರ ಕೊಡಿರಿ ಎಂದು ಕೇಳಿಕೊಂಡೆ. ಆಮೇಲೆ ಎರಡು ಸಲ ಬರೆದೆ. ಮುಟ್ಟಿದ ಚೀಟಿ ಮೂರೂ ಸಲ ಬಂತು. ಇದಾಗಿ ಆರು ವರ್ಷವಾಯಿತು.

ಹಿಂಬದಿಯನ್ನು ಬಿಚ್ಚಿ ನೋಡಿದರೋ ಇಲ್ಲವೋ ಎಂದು ಸಾಲೆಯವರು ಇನ್ನೂ ಬರೆದಿಲ್ಲ.